ಮೊದಲ ಡ್ರಮ್ಮು, ಕೊನೆಯ ಡ್ರಮ್ಮು

ಟಣ್.

ಶೇವಂತಾಬಾಯಿ ಕಂಬಕ್ಕೆ ಕಿವಿ ಹಚ್ಚಿ ಇನ್ನೊಮ್ಮೆ ಸುತ್ತಿಗೆ ತಟ್ಟಿದರು.

ಟಣ್.

"ಹನ್ನೊಂದನೇದ್ದೂ ಕಲ್ಲಾಗೇತಿ. ಬರ್ಕೋ ಮಲಕಾರಿ."

ನಾನು ಬರೆದುಕೊಂಡೆ. ಪತ್ತೇದಾರರ ಜೊತೆ ತಿರುಗುವವನಿಗೆ ಬರೆಯುವುದೇ ಕೆಲಸ. ಯೋಚನೆಯ ಭಾರವನ್ನು ಅವರೇ ಹೊರಲಿ ಎಂದು ನಾನು ಮೊದಲ ದಿನವೇ ತೀರ್ಮಾನಿಸಿದ್ದೆ.

ಸೋಮವಾರ ಮಂಗಸೂಳಿಯ ಮುರಗೆಪ್ಪನ ಹೊಸ ಮನೆಗೆ ಹನ್ನೆರಡು ಕಾಂಕ್ರೀಟ್ ಕಂಬ ತುಂಬಿದ್ದರು. ಮಂಗಳವಾರ ಸೆಂಟ್ರಿಂಗ್ ಹಲಗೆ ಬಿಚ್ಚಿದಾಗ ಹತ್ತು ಗಟ್ಟಿಯಾಗಿ ನಿಂತವು, ಎರಡು ಶಿರಾದಂತೆ ಉದುರಿದವು, ಸಿಮೆಂಟ್ ಕದ್ದ ಎಂಬ ಆರೋಪ ಮನೆ ಕಟ್ಟುತ್ತಿದ್ದ ಗೌಂಡಿ ದಶರಥನ ತಲೆಗೆ ಬಂತು. ಇಂದು ಗುರುವಾರ.

ಈ ಆರೋಪದಲ್ಲಿ ನನ್ನ ಪಾಲೂ ಇತ್ತು. ಉಗಾರ ಖುರ್ದದಲ್ಲಿ ನನ್ನದು ಸಿಮೆಂಟ್ ಮತ್ತು ಕಬ್ಬಿಣದ ಸಳಿಯ ಅಂಗಡಿ. ಈ ಮನೆಗೆ ಹೋದ ಚೀಲಗಳೆಲ್ಲ ನನ್ನವೇ. "ಮಲಕಾರಿಯ ಸಿಮೆಂಟೇ ಕೆಟ್ಟಿರಬೇಕು" ಎಂದು ಒಬ್ಬ ಚಹಾದಂಗಡಿಯಲ್ಲಿ ಅಂದನಂತೆ. ಅದನ್ನು ಕೇಳಿದ ಮರುಗಳಿಗೆ ನಾನು ಮೋಟರ್‌ಸೈಕಲ್ ಹತ್ತಿ ಶೇವಂತಾಬಾಯಿಯ ಮನೆಗೆ ಹೋಗಿ, ಅವರನ್ನು ಹಿಂದೆ ಕೂರಿಸಿಕೊಂಡು ಬಂದೆ.

ಶೇವಂತಾಬಾಯಿ ಹರೆಯದಲ್ಲಿ ತಲೆಯ ಮೇಲೆ ಬುಟ್ಟಿ ಹೊತ್ತು ಕಾಂಕ್ರೀಟ್ ಏರಿಸಿದವರು. ಆಮೇಲೆ ಇಪ್ಪತ್ತೇಳು ವರ್ಷ ಒಂದು ಪರೀಕ್ಷಾ ಕೇಂದ್ರದಲ್ಲಿ ಕಾಂಕ್ರೀಟಿನ ಗಟ್ಟಿಗಳನ್ನು ಯಂತ್ರಕ್ಕಿಟ್ಟು ಒಡೆದು, ಅವುಗಳ ಶಕ್ತಿ ಬರೆದುಕೊಳ್ಳುವ ಕೆಲಸ ಮಾಡಿ ನಿವೃತ್ತರಾದವರು. ಎಂಜಿನಿಯರುಗಳು ಕಾಗದ ನೋಡಿ ಹೇಳುವುದನ್ನು ಇವರು ಕಿವಿಯಿಂದ ಹೇಳುತ್ತಾರೆ. ಎಲೆ ಅಡಿಕೆಯ ಸಂಚಿಯಲ್ಲೇ ಒಂದು ಪುಟ್ಟ ಸುತ್ತಿಗೆ ಇರುತ್ತದೆ.

"ಈಗ ಜಡ್ಡಿನವರನ್ನ ನೋಡೂಣ ಬಾ," ಎಂದು ಅವರು ಮೊದಲನೇ ಕಂಬದ ಕಡೆ ನಡೆದರು.

ದಾರಿಯಲ್ಲಿ ಕಬ್ಬಿಣದ ಬುಟ್ಟಿಗಳು ಬಾಯಿ ಮೇಲೆ ಮಾಡಿಕೊಂಡು ಬಿದ್ದಿದ್ದವು. ನಾನು ಒಂದೊಂದನ್ನೇ ಬೋರಲು ಹಾಕುತ್ತ ಹೋದೆ. ಖಾಲಿಯಾದ ಪಾತ್ರೆಯನ್ನು ಬೋರಲು ಹಾಕಬೇಕೆಂದು ನಮ್ಮಪ್ಪ ಬಾರಿಸಿ ಬಾರಿಸಿ ಕಲಿಸಿದ ಪಾಠ. ಅದು ನನ್ನ ಕೈಗೆ ಹತ್ತಿದೆ, ತಲೆಯನ್ನು ಕೇಳಿ ಮಾಡುವುದಲ್ಲ.

ಈಶಾನ್ಯ ಮೂಲೆಯ ಮೊದಲನೇ ಕಂಬದ ಸ್ಥಿತಿ ನೋಡಲಾಗದು. ಕೆಳಗಿನ ಅರ್ಧಕ್ಕಿಂತ ಹೆಚ್ಚು ಭಾಗ ಉದುರಿ ಬರೀ ಸಳಿಗಳು ನಿಂತಿದ್ದವು. ಮೇಲಿನ ತುಂಡು ಮಾತ್ರ ಗಟ್ಟಿಯಾಗಿ ಆ ಸಳಿಗಳನ್ನೇ ಕಚ್ಚಿಕೊಂಡಿತ್ತು. ದಶರಥ ನಾಲ್ಕೂ ಕಡೆ ದಪ್ಪ ಬೊಂಬುಗಳ ಆಸರೆ ಕೊಟ್ಟಿದ್ದ.

ನೈರುತ್ಯ ಮೂಲೆಯ ಹನ್ನೆರಡನೇ ಕಂಬದ್ದು ಇದಕ್ಕೆ ತಿರುವುಮುರುವು. ತಳ ಕಲ್ಲಿನಂತೆ ಗಟ್ಟಿ, ನೆತ್ತಿ ಹಸಿ.

ಶೇವಂತಾಬಾಯಿ ಎರಡರ ನಡುವೆ ನಾಲ್ಕು ಸಲ ಓಡಾಡಿದರು. ಎಲೆಗೆ ಸುಣ್ಣ ಹಚ್ಚಿ ಬಾಯಿಗಿಟ್ಟುಕೊಂಡರು. ಅವರು ಎಲೆ ಹಾಕಿಕೊಂಡರೆಂದರೆ ಏನೋ ಸಿಕ್ಕಿದೆ ಎಂದು ಅರ್ಥ.

"ದಶರಥ, ಇಲ್ಲಿ ಬಾರೋ ತಮ್ಮಾ."

ದಶರಥ ಉಸುಕಿನ ರಾಶಿಯ ಹಿಂದಿನಿಂದ ಎದ್ದು ಬಂದ. ಐವತ್ತು ದಾಟಿದ ಮನುಷ್ಯ, ಯಾವಾಗಲೂ ಇಸ್ತ್ರಿ ಅಂಗಿ, ಕಿವಿಯ ಮೇಲೆ ಪೆನ್ಸಿಲ್. ಎರಡು ದಿನದಿಂದ ಗಡ್ಡ ಬೋಳಿಸಿರಲಿಲ್ಲ, ಪೆನ್ಸಿಲ್ಲೂ ಇರಲಿಲ್ಲ.

"ಮೊದಲನೇ ಕಂಬದ ತಳಕ್ಕ ಬಿದ್ದ ಮಾಲ್ ಯಾವ ಡ್ರಮ್ಮಿಂದು?"

"ಮೊದಲನೇ ಡ್ರಮ್ಮಿಂದ್ರಿ ಅಕ್ಕಾ. ಪೂಜಿ ಮಾಡಿದ್ದು."

"ಹನ್ನೆರಡನೇ ಕಂಬದ ನೆತ್ತಿಗೆ ಬಿದ್ದದ್ದು?"

"ಕಟ್ಟಕಡೀ ಡ್ರಮ್ಮು. ಹದಿನೆಂಟನೇದ್ದು."

ಡ್ರಮ್ಮೆಂದರೆ ಮಿಕ್ಸರ್ ಯಂತ್ರದ ತಿರುಗುವ ಹೊಟ್ಟೆ. ಒಂದು ಸಲಕ್ಕೆ ಒಂದು ಚೀಲ ಸಿಮೆಂಟು, ಅದಕ್ಕೆ ತಕ್ಕ ಉಸುಕು, ಜಲ್ಲಿ ಖಡಿ, ನೀರು. ಒಂದೂವರೆ ಡ್ರಮ್ಮಿಗೆ ಒಂದು ಕಂಬ ತುಂಬುತ್ತದೆ.

"ಅಂದ್ರ ನಡುವಿನ ಹದಿನಾರು ಡ್ರಮ್ಮಿಗೆ ಏನೂ ಆಗಿಲ್ಲ," ಎಂದರು ಶೇವಂತಾಬಾಯಿ. "ಮೊದಲನೇದ್ದು, ಕಡೀದು, ಎರಡ ಕೆಟ್ಟಾವು. ಇದು ಕಳುವಲ್ಲ ಬಿಡು."

"ಕಳುವಲ್ಲದ ಮತ್ತೇನ್ರಿ?"

ಈ ಗುಡುಗು ಬಂದದ್ದು ಹಿಂದಿನಿಂದ. ಮುರಗೆಪ್ಪ ಬಂದಿದ್ದ. ಎಂಟು ಎಕರೆ ದ್ರಾಕ್ಷಿ, ಅದಕ್ಕಿಂತ ದೊಡ್ಡ ದನಿ, ಕಿಸೆಯ ತುಂಬ ಒಣದ್ರಾಕ್ಷಿ. ಬೈಯುವಾಗಲೂ ಎದುರಿಗಿದ್ದವರ ಕೈಗೆ ನಾಲ್ಕು ಒಣದ್ರಾಕ್ಷಿ ಹಾಕುವುದು ಅವನ ರೂಢಿ. ಈಗಲೂ ಎಲ್ಲರಿಗೂ ಹಂಚಿದ, ದಶರಥನಿಗೂ ಕೊಟ್ಟ, ಕೊಟ್ಟಮೇಲೆ ಬೈದ.

"ಸಿಮೆಂಟ್ ಕಡಿಮಿ ಹಾಕ್ಯಾನ, ಕಂಬ ಬಿದ್ದಾವು. ಇದಕ್ಕ ಸುತ್ತಿಗಿ ಯಾಕ ಬೇಕು, ಕಿವಿ ಯಾಕ ಬೇಕು?"

"ಮುರಗೆಪ್ಪಣ್ಣಾರ, ಒಂದ ಮಾತ ಕೇಳತೀನಿ," ಎಂದರು ಶೇವಂತಾಬಾಯಿ, ಒಣದ್ರಾಕ್ಷಿ ಬಾಯಿಗೆ ಹಾಕಿಕೊಳ್ಳುತ್ತ. "ಮೊದಲನೇ ಡ್ರಮ್ ತಿರುಗೂ ಹೊತ್ತಿನ್ಯಾಗ ನೀವ ಎಲ್ಲಿದ್ರಿ?"

"ಮಿಕ್ಸರ್ ಮುಂದ. ಮನಿ ಮಂದಿ ಎಲ್ಲಾ ಅಲ್ಲೇ ಇದ್ವಿ. ಪೂಜಿ ಇತ್ತಲ್ಲ."

"ನಡುವಿನ ಡ್ರಮ್ ತಿರುಗೂ ಹೊತ್ತಿನ್ಯಾಗ?"

"ಉಣ್ಣಾಕ ಹೋಗಿದ್ವಿ."

"ಕದಿಯಾಂವ ಎಲ್ಲಾರೂ ಕಣ್ಣ ತಗದ ನಿಂತಾಗ ಕದ್ದು, ಯಾರೂ ಇಲ್ಲದಾಗ ಬರೋಬರಿ ಹಾಕತಾನೇನ್ರಿ?"

ಮುರಗೆಪ್ಪ ಗಲ್ಲ ಕೆರೆದುಕೊಂಡ. "ಅದ ನೋಡ್ರಿ ಅವನ ಚಾಲಾಕಿ!"

ನನಗೆ ನಗು ತಡೆಯಲಿಲ್ಲ. ಆದರೆ ಮುರಗೆಪ್ಪ ಕಿಸೆಯಿಂದ ಮಡಚಿದ ಕಾಗದ ತೆಗೆದಾಗ ನಗು ನಿಂತಿತು. ಪೊಲೀಸ್ ಠಾಣೆಗೆ ಬರೆಸಿದ ಅರ್ಜಿ ಅದು. ದಶರಥನ ಹೆಸರು ಮೊದಲ ಸಾಲಿನಲ್ಲೇ ಇತ್ತು.

"ನಾಳೆ ಮುಂಜಾನಿ ಹತ್ತಕ್ಕ ಕೊಟ್ಟ ಬರಾಂವ. ಅಷ್ಟರಾಗ ಬ್ಯಾರೆ ಯಾರರೇ ಸಿಕ್ರ ತೋರಸ್ರಿ. ಇಲ್ಲಂದ್ರ ಇವನ."

ಮೂವತ್ತೊಂದು ವರ್ಷದಲ್ಲಿ ದಶರಥ ಕಟ್ಟಿದ ಒಂದು ಮನೆಯೂ ಬಿರುಕು ಬಿಟ್ಟಿಲ್ಲ. ಒಮ್ಮೆ ಠಾಣೆಯಲ್ಲಿ ಹೆಸರು ಬಿತ್ತೆಂದರೆ ಕಾಗವಾಡದಿಂದ ಅಥಣಿಯವರೆಗೆ ಯಾರೂ ಅವನನ್ನು ಕಟ್ಟಡಕ್ಕೆ ಕರೆಯುವುದಿಲ್ಲ. ಅವನ ಕೈಯಲ್ಲಿ ಆ ನಾಲ್ಕು ಒಣದ್ರಾಕ್ಷಿ ಹಾಗೇ ಇದ್ದವು.

ಮುರಗೆಪ್ಪ ಫೋನ್ ಬಂತೆಂದು ಆಚೆ ಹೋದ. ಶೇವಂತಾಬಾಯಿ ಮಿಕ್ಸರ್ ನಿಂತಿದ್ದ ಜಾಗದಲ್ಲಿ ಕುಕ್ಕರುಗಾಲಲ್ಲಿ ಕೂತು ನೆಲ ನೋಡತೊಡಗಿದರು.

ನಾನು ಹೆಗಲ ಮೇಲಿನ ಟವೆಲ್ ಝಾಡಿಸಿದೆ. ಎರಡು ದಿನದಿಂದ ಅದಕ್ಕೆ ಇರುವೆಗಳ ಕಾಟ. ಹೆಂಡತಿ ಭಾನುವಾರ ಶೇಡಬಾಳಕ್ಕೆ ತವರಿಗೆ ಹೋದವಳು ಇನ್ನೂ ಬಂದಿಲ್ಲ. ನಾನು ಅಂಗಿ ಒಗೆದುಕೊಳ್ಳುತ್ತೇನೆ, ಟವೆಲ್ ಒಗೆಯುವಷ್ಟು ಶೂರನಲ್ಲ. ಅದೂ ಅಲ್ಲದೆ ಸಕ್ಕರೆ ಕಾರ್ಖಾನೆಯ ಊರಿನವನಿಗೆ ಇರುವೆಯೇನು ಹೊಸದೇ?

"ಮಲಕಾರಿ, ಇಲ್ಲಿ ಏನ ಕಾಣತೈತಿ?"

ಬಗ್ಗಿ ನೋಡಿದೆ. ಒಣಗಿದ ಸಿಮೆಂಟಿನ ಪಕ್ಕದಲ್ಲಿ ಕೆಂಪು ಇರುವೆಗಳ ಸಾಲು ಹೊರಟಿತ್ತು. ಅದರ ಹಿಂದೆಯೇ ಹೋದೆವು. ಆ ಸಾಲು ಗೋಡೆಗೆ ಒರಗಿಸಿಟ್ಟ ಸೆಂಟ್ರಿಂಗ್ ಹಲಗೆಗಳ ಹತ್ತಿರ ಹೋಗಿ, ಇಪ್ಪತ್ತು ಹಲಗೆ ಬಿಟ್ಟು ಎರಡೇ ಹಲಗೆ ಹತ್ತಿತ್ತು. ಒಂದರ ಮೇಲೆ ಸೀಮೆಸುಣ್ಣದಲ್ಲಿ 'ಒಂದು', ಇನ್ನೊಂದರ ಮೇಲೆ 'ಹನ್ನೆರಡು' ಎಂದು ಬರೆದಿತ್ತು.

ಶೇವಂತಾಬಾಯಿ ನಕ್ಕರು. ಎಲೆ ಅಡಿಕೆಯ ಕೆಂಪು ನಗು.

"ಸೀ ಐತಿ ಇಲ್ಲಿ. ಸಿಮೆಂಟಿಗೆ ಯಾರೋ ಸೀ ತಿನಸ್ಯಾರ."

"ಸೀ ತಿನಿಸಿದ್ರ ಏನಾಕ್ಕೈತ್ರಿ ಅಕ್ಕಾ?"

"ಹತ್ತೊಂಬತ್ತು ವರ್ಷ ಸಿಮೆಂಟ್ ಮಾರಿ ಇಷ್ಟ ಗೊತ್ತಿಲ್ಲಾ? ಒಂದು ಚೀಲಕ್ಕ ಎರಡ ಮುಷ್ಟಿ ಸಕ್ಕರಿ ಬಿದ್ರ ಸಾಕು, ಆ ಮಾಲ್ ಗಟ್ಟಿ ಆಗೂದ ಮರೀತೈತಿ. ನಮ್ಮ ಕಡೆ ಇದೊಂದ ಭಾಳ ಎಚ್ಚರಿಕಿ ಇಡಬೇಕು. ಎಲ್ಲಿ ನೋಡಿದ್ರೂ ಕಬ್ಬು, ಬೆಲ್ಲ, ಸಕ್ಕರಿ."

ನನಗೆ ಥಟ್ಟನೆ ಹೊಳೆಯಿತು. "ಆಬಾಸಾಹೇಬನ ಟ್ಯಾಂಕರ್! ಅಂವ ಬೆಲ್ಲದ ಗಾಣಕ್ಕೂ ನೀರ ಹೊಡೀತಾನ. ಟ್ಯಾಂಕರಿನ್ಯಾಗ ಕಬ್ಬಿನ ಹಾಲ ಉಳದಿರಬೇಕು!"

"ಟ್ಯಾಂಕರ್ ನೀರ ಹದಿನೆಂಟೂ ಡ್ರಮ್ಮಿಗೆ ಹೋಗೇತಿ. ಕೆಟ್ಟದ್ದು ಎಷ್ಟ?"

"ಎರಡ."

"ಹಂಗಾರ ಆಬಾಸಾಹೇಬನ್ನ ಬಿಟ್ಟಬಿಡು."

ಬಿಟ್ಟುಬಿಟ್ಟೆ. ಮನಸ್ಸಿಲ್ಲದ ಮನಸ್ಸಿನಿಂದ, ಏಕೆಂದರೆ ಆಬಾಸಾಹೇಬ ನನ್ನ ಅಂಗಡಿಯ ಮುಂದೆಯೇ ಟ್ಯಾಂಕರ್ ನಿಲ್ಲಿಸಿ ಗಿರಾಕಿಗಳಿಗೆ ಅಡ್ಡ ಬರುತ್ತಾನೆ. ಉಳಿದದ್ದು ಕೆಲಸಕ್ಕಿದ್ದವರು. ಆಳುಗಳು ಆರು ಜನ. ಸಾಲದ್ದಕ್ಕೆ ನಾನೂ ಇದ್ದೆ. ಕೊನೆಯ ಚೀಲಗಳನ್ನು ಇಳಿಸಲು ಬಂದವನು, ಒಬ್ಬ ಆಳು ಊಟಕ್ಕೆ ಹೋದನೆಂದು, ಅಂಗಿ ಬಿಚ್ಚಿ ಅರ್ಧ ಗಂಟೆ ಮಿಕ್ಸರ್ ಹತ್ತಿರ ಕೈಜೋಡಿಸಿದ್ದೆ. ಇಂಥ ಅಂಗಡಿಕಾರ ಈ ತಾಲೂಕಿನಲ್ಲಿ ಇನ್ನೊಬ್ಬ ಇದ್ದರೆ ತೋರಿಸಿ.

"ಪೂಜಿ ಹೊತ್ತಿನ್ಯಾಗ ಯಾರರೇ ಫೋಟೋ ತಗದಾರೇನೋ?" ಎಂದರು ಶೇವಂತಾಬಾಯಿ.

ತೆಗೆಯದೆ ಇರುತ್ತಾರೆಯೇ? ಮುರಗೆಪ್ಪನ ಸೊಸೆ ರೂಪಾಲಿ ಸ್ಟೇಟಸ್ಸಿಗೆ ಹಾಕಲೆಂದು ಪೂಜೆಯ ಪೂರಾ ವಿಡಿಯೋ ಮಾಡಿದ್ದಳು. ಕರೆದ ಕೂಡಲೇ ಫೋನ್ ಹಿಡಿದು ಓಡಿ ಬಂದಳು. ದಶರಥ ಕಳ್ಳನಲ್ಲ ಎಂದು ಆ ಮನೆಯಲ್ಲಿ ನಂಬಿದ್ದವಳು ಅವಳೊಬ್ಬಳೇ.

"ಮಿಸ್ತ್ರಿ ಮಾಮಾರು ಹಂಗ ಮಾಡೂ ಮನಷ್ಯಾರ ಅಲ್ರಿ ಅಕ್ಕಾ. ನಾ ನಮ್ಮ ಮಾಂವಗ ಹೇಳಿದ್ನಿ. ಬಾಯಾಗ ಒಣದ್ರಾಕ್ಷಿ ಹಾಕಿ ಕಳಿಸಿದ್ರು."

ವಿಡಿಯೋದಲ್ಲಿ ಮಿಕ್ಸರಿಗೆ ಚೆಂಡು ಹೂವಿನ ಹಾರ. ಮುರಗೆಪ್ಪ ಕಾಯಿ ಒಡೆದು "ಏಳಕೋಟ" ಎಂದು ದೇವರಿಗೆ ಜೈಕಾರ ಹಾಕಿ ಭಂಡಾರದ ಅರಿಸಿನ ಎರಚಿದ. ಮಂಗಸೂಳಿಯಲ್ಲಿ ಭಂಡಾರ ಹಾರದೆ ಯಾವ ಕೆಲಸವೂ ಶುರುವಾಗುವುದಿಲ್ಲ. ಎಲ್ಲರ ಮೂಗೂ ಹಳದಿಯಾಗಿತ್ತು. ಆಮೇಲೆ ಮುರಗೆಪ್ಪನ ತಾಯಿ ಕಸ್ತೂರೆವ್ವ ಮುಂದೆ ಬಂದರು. ಎಲ್ಲರೂ ಆಯಿ ಎಂದು ಕರೆಯುವ, ಎಂಬತ್ತು ದಾಟಿದ ಮುದುಕಿ, ಕಂಕುಳಲ್ಲಿ ತಾಮ್ರದ ಕೊಡ. ಸೊಸೆಯರು ಹಿಡಿಯಲು ಹೋದರೆ ಕೊಡಲಿಲ್ಲ. ತಾವೇ ಕೊಡ ಬಗ್ಗಿಸಿ ಡ್ರಮ್ಮಿನ ಬಾಯಿಗೆ ನೀರು ಹೊಯ್ದರು, ಎಲ್ಲರೂ ಚಪ್ಪಾಳೆ ತಟ್ಟಿದರು.

ಆ ಕೊಡವನ್ನು ಎಲ್ಲೋ ನೋಡಿದ ಹಾಗೆ ನನಗೆ ಅನಿಸಿತು. ತಾಮ್ರದ ಕೊಡ ಯಾರ ಮನೆಯಲ್ಲಿಲ್ಲ ಎಂದು ಸುಮ್ಮನಾದೆ.

"ನಿಲ್ಲಿಸವ್ವಾ," ಎಂದರು ಶೇವಂತಾಬಾಯಿ. "ಸ್ವಲ್ಪ ಹಿಂದ ತಗೋ. ಹಾಂ. ಮಲಕಾರಿ, ತೀರ್ಥದ ಬಣ್ಣ ಹೆಂಗಿರತೈತಿ?"

"ನೀರಿನ ಬಣ್ಣ."

"ಇದು?"

ನಾನು ಕನ್ನಡಕ ಹಾಕಿಕೊಂಡು ನೋಡಿದೆ. ಕೊಡದಿಂದ ಬೀಳುತ್ತಿದ್ದ ಧಾರೆ ಹಾಲು ಹಾಕದ ಚಹಾದ ಬಣ್ಣದಲ್ಲಿತ್ತು. ಇಪ್ಪತ್ತು ಜನ ಕಣ್ಣೆದುರು ನೋಡಿದ್ದರು. ಪೂಜೆಯ ನೀರು ಎಂದು ಯಾರೂ ಬಣ್ಣ ನೋಡಿರಲಿಲ್ಲ.

ರೂಪಾಲಿ ಬಾಯಿಗೆ ಸೆರಗು ಹಿಡಿದಳು. "ಅಯ್ಯ! ನಮ್ಮ ಆಯಿ?"

ಕಸ್ತೂರೆವ್ವ ಹಳೆಯ ವಾಡೆಯ ಕಟ್ಟೆಯ ಮೇಲೆ ಕೂತು ಸೇಂಗಾ ಸುಲಿಯುತ್ತಿದ್ದರು. ಹೊಸ ಮನೆಯ ಪಕ್ಕದಲ್ಲೇ ಈ ವಾಡೆ, ಮನೆತನದ ಹಳೆಯ ದೊಡ್ಡ ಮನೆ. ಎರಡು ಮೊಳ ದಪ್ಪದ ಗೋಡೆ, ಒಂದು ಕಲ್ಲೂ ಅಲ್ಲಾಡಿಲ್ಲ. ನಾವು ಹೋದಾಗ ಮುರಗೆಪ್ಪನೂ ಹಿಂದೆ ಬಂದ. ದಶರಥ ದೂರದಲ್ಲಿ ಬೇವಿನ ಮರದ ಕೆಳಗೆ ನಿಂತ.

ಶೇವಂತಾಬಾಯಿ ಕಟ್ಟೆಯ ಮೇಲೆ ಕೂತು ತಾವೂ ಒಂದು ಮುಷ್ಟಿ ಸೇಂಗಾ ತೆಗೆದುಕೊಂಡು ಸುಲಿಯತೊಡಗಿದರು.

"ಆಯಿ, ವಾಡೇ ಭಾಳ ಗಟ್ಟಿ ಐತಲ್ರಿ."

"ಹೂಂ ಮತ್ತ! ನಮ್ಮ ಮಾವನವರ ಅಪ್ಪ ಕಟ್ಟಿಸಿದ್ದು. ಮೊಳಿ ಹೊಡದ್ರ ಮೊಳಿ ಡೊಂಕಾಕ್ಕೈತಿ, ಗ್ವಾಡಿ ಜಗ್ಗಂಗಿಲ್ಲ."

"ಅದರಾಗ ಏನ ಹಾಕಿದ್ರಂತ್ರಿ?"

"ಸುಣ್ಣದ ಗಚ್ಚು. ಎತ್ತು ಕಟ್ಟಿ ಗಾಣದಾಗ ಎಂಟ ದಿನ ಅರಿಸಿದ್ರಂತ. ಅದಕ್ಕ..." ಮುದುಕಿ ಮಗನ ಕಡೆ ಒಮ್ಮೆ ನೋಡಿ ಮಾತು ನುಂಗಿದರು.

"ಅದಕ್ಕ ಬೆಲ್ಲದ ನೀರ," ಎಂದರು ಶೇವಂತಾಬಾಯಿ ಮೆಲ್ಲಗೆ.

ಸೇಂಗಾ ಸುಲಿಯುವ ಸದ್ದು ನಿಂತಿತು.

"ನಿನಗ ಹೆಂಗ ಗೊತ್ತವಾ?"

"ಇರವಿ ಹೇಳಿದ್ವು ಆಯಿ. ಸೋಮವಾರ ಕೊಡದಾಗ ಏನಿತ್ತು?"

ಮುದುಕಿ ಅಳುತ್ತಾರೆಂದುಕೊಂಡಿದ್ದೆ. ಬದಲಿಗೆ ಬೆನ್ನು ನೆಟ್ಟಗೆ ಮಾಡಿ ಕೂತರು.

"ಬೆಲ್ಲದ ನೀರ ಇತ್ತು! ನಾನ ಹಾಕೇನಿ! ನನ್ನ ಮನಿಗೆ ನಾ ಹಾಕಿದ್ರ ಯಾರಪ್ಪಂದೇನ ಹೋತು?"

"ಅವ್ವಾ!" ಎಂದ ಮುರಗೆಪ್ಪ.

"ಏ ಸುಮ್ಮನಿರಲೇ ಮುರಗ್ಯಾ! ನಿನಗ ಹೇಳಿದ್ರ ಮುದುಕಿಗೆ ಅರಳು ಮರಳಂತಿ. ಅದಕ್ಕ ಹೇಳದ ಹಾಕಿದ್ನಿ. ಕಾಗದದಂಥಾ ಗ್ವಾಡಿ ಕಟ್ಟಸಾಕತ್ತೀದಿ. ನನ್ನ ಮೊಮ್ಮಕ್ಕಳ ಮಕ್ಕಳು ಅದರಾಗ ಬಾಳಬ್ಯಾಡೇನು? ಬರೋಬರಿ ಎರಡ ಕಿಲೋ ಬೆಲ್ಲ ಕರಗಿಸೇನಿ."

"ಆದರ ಕಂಬ ಬಿತ್ತಲ್ರಿ ಆಯಿ," ಎಂದೆ ನಾನು.

"ಸಿಮೆಂಟ್ ಕಡಿಮಿ ಬಿದ್ದದ್ದಕ್ಕ ಬಿತ್ತು. ನನ್ನ ಬೆಲ್ಲ ಇತ್ತಂತ ಅಷ್ಟರೇ ನಿಂತೈತಿ!"

ರೂಪಾಲಿ ಕಿಸಕ್ಕನೆ ನಕ್ಕಳು. ಮುರಗೆಪ್ಪನ ಬಾಯಿಂದ ಒಣದ್ರಾಕ್ಷಿ ಕೆಳಗೆ ಬಿತ್ತು. ನಾನು ನಗು ತಡೆಯಲು ಟವೆಲ್ಲನ್ನು ಬಾಯಿಗೆ ಒತ್ತಿಕೊಂಡೆ. ಶೇವಂತಾಬಾಯಿ ಮಾತ್ರ ನಗಲಿಲ್ಲ. ಮುದುಕಿಯ ಕೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡರು.

"ಆಯಿ, ನಿಮ್ಮ ಹಿರ್ಯಾರ ಮಾಡಿದ್ದು ಖರೇ ಐತಿ. ಸುಣ್ಣಕ್ಕ ಬೆಲ್ಲ ಬೇಕು. ಸುಣ್ಣ ಗಾಳಿ ಕುಡದು ಗಟ್ಟಿ ಆಗತೈತಿ. ಆದರ ಸಿಮೆಂಟ್ ಬ್ಯಾರೆ ಜಾತಿ. ಅದು ನೀರ ಕುಡದು ಗಟ್ಟಿ ಆಗತೈತಿ. ಬೆಲ್ಲ ಹೋಗಿ ಸಿಮೆಂಟಿನ ಕಾಳಿನ ಸುತ್ತ ಕುಂತ್ರ ನೀರ ಒಳಗ ಇಳಿಯಂಗಿಲ್ಲ. ಹಸೀನ ಉಳೀತೈತಿ. ಸುಣ್ಣಕ್ಕ ಔಷಧ ಆದದ್ದು ಸಿಮೆಂಟಿಗೆ ವಿಷ ಆತು."

ಕಸ್ತೂರೆವ್ವ ಕೈ ಬಿಡಿಸಿಕೊಂಡರು. ಹೊಸ ಮನೆಯ ಈಶಾನ್ಯ ಮೂಲೆಯ ಕಡೆ ನೋಡಿದರು. ಆಮೇಲೆ ಬೇವಿನ ಮರದ ಕಡೆ ನೋಡಿದರು.

"ಅಂದ್ರ ಈ ದಶರಥಂದು ಏನೂ ತಪ್ಪಿಲ್ಲಾ?"

"ಇಲ್ರಿ."

"ಎರಡ ದಿನ ಆತು, ಆ ಮನಷ್ಯಾನ ಮಾರಿ ನೋಡಿಲ್ಲ ನಾ. ಚಾ ಸೈತ ಕಳಿಸಲಿಲ್ಲ."

ಮುದುಕಿ ಕೋಲು ಹುಡುಕದೆ ಎದ್ದರು. ನಾವು ಹಿಡಿಯುವ ಮೊದಲೇ ಅಂಗಳ ದಾಟಿ ದಶರಥನ ಎದುರು ನಿಂತು ಅವನ ಎರಡೂ ಕೈ ಹಿಡಿದುಕೊಂಡರು. "ತಪ್ಪಾತಪಾ. ನಂದ ತಪ್ಪು. ಠಾಣೆಕ್ಕ ಒಯ್ಯೂದಿದ್ರ ಈ ಮುರಗ್ಯಾ ನನ್ನ ಒಯ್ಯಲಿ." ದಶರಥನ ಕಣ್ಣು ತುಂಬಿತು. "ಏ ಬಿಡ್ರಿ ಆಯಿ, ಏನ ಮಾತ ಅಂತ ಆಡತೀರಿ," ಎಂದಷ್ಟೇ ಅಂದ. ಮೂರು ದಿನದಲ್ಲಿ ಮೊದಲ ಸಲ ಹಾಯೆನಿಸಿತು. ದಶರಥ ಉಳಿದ, ನನ್ನ ಸಿಮೆಂಟ್ ಉಳಿಯಿತು, ಇನ್ನು ಊಟಕ್ಕೆ ಹೋಗಬಹುದು ಎಂದುಕೊಂಡೆ.

"ಆಯಿ," ಎಂದರು ಶೇವಂತಾಬಾಯಿ. "ಕಡೀ ಡ್ರಮ್ಮಿಗೂ ನೀವ ಹಾಕಿದ್ರಿ?"

"ಕಡೀದಕ್ಕ? ನಾ ಹಾಕಿಲ್ಲವಾ."

ಎಲ್ಲರೂ ಅವರ ಕಡೆ ತಿರುಗಿದರು.

"ಹಾಕಬೇಕಂತ ಇದ್ದದ್ದು ಖರೇ. ಮೊದಲ ಕಲ್ಲಿಗೂ ಕಡೀ ಕಲ್ಲಿಗೂ ಬೆಲ್ಲ ಮುಟ್ಟಬೇಕಂತ ನಮ್ಮ ಮಾವನವರು ಹೇಳತಿದ್ರು. ಅದಕ್ಕ ಅರ್ಧಾ ಕೊಡ ಉಳಿಸಿ ಇದ ಬೇವಿನ ಗಿಡದ ಬುಡಕ ಇಟ್ಟಿದ್ನಿ. ಉಂಡು ಒಂದೀಟ ಅಡ್ಡಾದ್ನಿ, ಕಣ್ಣ ಹತ್ತಿತು. ಎದ್ದ ಬರೂದ್ರಾಗ ಎಲ್ಲಾ ಮುಗದಿತ್ತು. ಕೊಡ ಖಾಲಿ. ಯಾವನೋ ಪುಣ್ಯಾತ್ಮ ನನ್ನ ಕೆಲಸ ಮಾಡ್ಯಾನ ಅಂತ ಖುಷಿ ಪಟ್ನಿ. ಕೊಡಾನೂ ಶಿಸ್ತಲೆ ಬೋರಲ ಹಾಕಿದ್ದ."

ಬೋರಲು.

ನನ್ನ ಕಿವಿಯಲ್ಲಿ ಮಿಕ್ಸರ್ ತಿರುಗಿದಂತಾಯಿತು.

ಸೋಮವಾರ ಮಧ್ಯಾಹ್ನ ದಶರಥ ಹನ್ನೆರಡನೇ ಕಂಬದ ಏಣಿಯ ಮೇಲಿದ್ದ. "ಮಲಕಾರಿ ಮಾಮಾ, ನೀರ ಕಡಿಮಿ ಆಗೇತಿ ನೋಡ್ರಿ!" ಎಂದು ಮೇಲಿನಿಂದ ಕೂಗಿದ. ಬ್ಯಾರಲ್ ಬರಿದಾಗಿತ್ತು. ಬೇವಿನ ಬುಡದಲ್ಲಿ ಒಂದು ತಾಮ್ರದ ಕೊಡ ಕಂಡಿತು. ಹೆಗಲಿಗೆ ಟವೆಲ್ ಹಾಕಿಕೊಂಡು, ಅದರ ಮೇಲೆ ಕೊಡ ಏರಿಸಿಕೊಂಡು ಬಂದು ಡ್ರಮ್ಮಿಗೆ ಸುರಿದೆ. ನೀರು ಕೆಂಪಗಿತ್ತು. ಕಟ್ಟಡದ ಕೆಲಸದಲ್ಲಿ ಯಾವ ನೀರು ತಿಳಿಯಾಗಿರುತ್ತದೆ? ಸುರಿದು, ಕೊಡವನ್ನು ಮತ್ತೆ ಬೇವಿನ ಬುಡದಲ್ಲಿ ಬೋರಲು ಹಾಕಿ, ನನ್ನ ಬೆನ್ನು ನಾನೇ ತಟ್ಟಿಕೊಂಡು ಮನೆಗೆ ಹೋಗಿದ್ದೆ.

"ಹಿಂಗ ಐತಿ ನೋಡ್ರಿ!" ಮುರಗೆಪ್ಪನಿಗೆ ದನಿ ತಿರುಗಿ ಬಂದಿತ್ತು. ತಾಯಿಯ ಮುಂದೆ ಆದ ಅವಮಾನಕ್ಕೆ ಅವನಿಗೆ ಈಗ ಒಬ್ಬ ಆಸಾಮಿ ಬೇಕಾಗಿದ್ದ. "ನಮ್ಮವ್ವ ತಿಳೀದ ಹಾಕಿದ್ಲು. ಆ ಕಂಬ ನಂದು, ನಾನ ಕಟ್ಟಿಸಿಕೋತೀನಿ. ಇನ್ನೊಂದ ಕಂಬ ಕೆಡಸಿದಾಂವ ಯಾರು? ಅಂವ ಬೇಕಂತ ಮಾಡ್ಯಾನ. ಮಿಕ್ಸರ್ ದಶರಥನ ಕೈಯಾಗಿತ್ತು. ಅಂವ ಹೆಸರ ಹೇಳಲಿ, ಈ ಅರ್ಜಿ ಇಲ್ಲೇ ಹರೀತೀನಿ. ಹೇಳಲಿಲ್ಲಂದ್ರ ನಾಳೆ ಹತ್ತಕ್ಕ ಇವನ ಹೆಸರಲೇ ಹೋಕ್ಕೈತಿ."

ಶೇವಂತಾಬಾಯಿ ದಶರಥನ ಕಡೆ ತಿರುಗಿದರು. "ಕಡೀ ಡ್ರಮ್ಮಿಗೆ ನೀರ ಹಾಕಿದಾಂವ ಯಾರೋ ತಮ್ಮಾ?"

ದಶರಥ ತಲೆ ಎತ್ತಿದ. ನೇರವಾಗಿ ನನ್ನನ್ನು ನೋಡಿದ. ಒಂದು ಕ್ಷಣ ಅಷ್ಟೇ. ಅವನಿಗೂ ಈಗಷ್ಟೇ ಗೊತ್ತಾಗಿತ್ತು.

ಹನ್ನೆರಡು ವರ್ಷ ಬೇರೆಯವರ ಕೈಕೆಳಗೆ ದುಡಿದ ಮೇಲೆ ಅವನು ಹಿಡಿದ ಮೊದಲ ಸ್ವಂತ ಕೆಲಸ ನನ್ನ ಅಂಗಡಿಯ ಗೋಡೆ. ಬೇರೆ ಯಾರೂ ಕರೆಯದಿದ್ದಾಗ ನಾನು ಕರೆದಿದ್ದೆ. ಅದನ್ನು ಅವನು ಹತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ಬಾಯಿಬಿಟ್ಟು ಹೇಳಿಲ್ಲ.

"ನೆನಪಿಲ್ರಿ ಅಕ್ಕಾ," ಎಂದ ದಶರಥ.

ಯಾವ ಊರಿನ ಯಾವ ಕಂಬದಲ್ಲಿ ಎಷ್ಟು ಸಳಿ ಇವೆ ಎಂದು ಚೀಟಿ ನೋಡದೆ ಹೇಳುವ ಮನುಷ್ಯ ಅವನು.

ನಾನು ಹೇಳಬೇಕಿತ್ತು. ಒಂದೇ ಮಾತು. ಆದರೆ ತನ್ನ ಕೈಯಾರೆ ಮಿಕ್ಸರಿಗೆ ಬೆಲ್ಲ ಸುರಿದ ಸಿಮೆಂಟ್ ಅಂಗಡಿಕಾರನ ಹತ್ತಿರ ನಾಳೆಯಿಂದ ಯಾರು ಒಂದು ಚೀಲ ಒಯ್ದಾರು? ಚಹಾದಂಗಡಿಯವರು ಮಕ್ಕಳು ಮೊಮ್ಮಕ್ಕಳವರೆಗೆ ಆಡಿಕೊಳ್ಳುತ್ತಾರೆ. ಬಾಯಿ ತೆರೆದೆ. ಗಾಳಿ ಮಾತ್ರ ಹೊರಬಂತು. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

"ನೆನಪಿಲ್ಲಂತ! ಕೇಳಿದ್ರೇನ್ರಿ?" ಮುರಗೆಪ್ಪ ಅರ್ಜಿಯನ್ನು ಮಡಚಿ ಕಿಸೆಗೆ ಹಾಕಿಕೊಂಡ. "ಮುಗೀತು."

ಶೇವಂತಾಬಾಯಿ ಮೆಲ್ಲಗೆ ನಡೆದು ನನ್ನ ಹತ್ತಿರ ಬಂದರು. ನನ್ನ ಹೆಗಲಿಗೆ ಕೈ ಹಾಕಿ, ಟವೆಲ್ಲಿನ ಮೇಲಿನಿಂದ ಎರಡು ಬೆರಳಲ್ಲಿ ಏನನ್ನೋ ನಾಜೂಕಾಗಿ ಹಿಡಿದು ನನ್ನ ಕಣ್ಣೆದುರು ತಂದರು. ಒಂದು ಕೆಂಪು ಇರುವೆ, ಕಾಲು ಬಡಿಯುತ್ತಿತ್ತು.

"ಮಲಕಾರಿ," ಎಂದರು, ನನಗೊಬ್ಬನಿಗೇ ಕೇಳುವಷ್ಟು ಸಣ್ಣ ದನಿಯಲ್ಲಿ. "ಸೋಮವಾರನೂ ನಿನ್ನ ಹೆಗಲ ಮ್ಯಾಲ ಇದ ಟವೆಲ್ ಇತ್ತೇನೋ?"